ಕೂತಿದೆಯಾ, ಹಿಡಿದಿದೆಯಾ? ಗಾಳಿಮಳೆಗೆ ಮೊದಲು ಮನೆಯ ಮಾಡಿನ ತಪಾಸಣೆ

ಹೋದ ವರ್ಷದ ಗಾಳಿಯಲ್ಲಿ ನಮ್ಮ ಮನೆ ಹಿಂದಿನ ಶೀಟು ರಾತ್ರಿಯಿಡೀ ಪಟಪಟ ಬಡಿದುಕೊಂಡಿತು. ಬೆಳಿಗ್ಗೆ ಎದ್ದು ನೋಡಿದರೆ ಮೂಲೆಯ ಒಂದು ಶೀಟು ಪುಸ್ತಕದ ಹಾಳೆ ಮಗುಚಿದ ಹಾಗೆ ಹಿಂದಕ್ಕೆ ಮಡಚಿಕೊಂಡಿತ್ತು. ಅದನ್ನು ಬಡಿದು ನೆಟ್ಟಗೆ ಮಾಡಿ, ನಾಲ್ಕು ಸ್ಕ್ರೂ ಹೊಡೆದು ಅವತ್ತಿನ ಮಟ್ಟಿಗೆ ಮುಗಿಸಿದೆವು. ಆದರೆ ಆಮೇಲೆ ಜೋರಾಗಿ ಗಾಳಿ ಬೀಸಿದಾಗಲೆಲ್ಲ ನನಗೆ ನಿದ್ದೆ ಬರುತ್ತಿರಲಿಲ್ಲ. ಇಷ್ಟು ವರ್ಷ ಮಳೆಗಾಲಕ್ಕೆ ಮೊದಲು ನಾವು ನೋಡುತ್ತಿದ್ದದ್ದು ಒಂದೇ, ಎಲ್ಲಿ ಸೋರುತ್ತದೆ ಅಂತ. ಎಲ್ಲಿ ಹಾರುತ್ತದೆ ಅಂತ ಯಾವತ್ತೂ ನೋಡಿರಲಿಲ್ಲ.

ಈ ಸಲ ಆರು ವಾರ ಮೊದಲೇ ಶುರು ಮಾಡಿದೆವು. ನಾನು, ನನ್ನ ತಮ್ಮ, ಮರದ ಕೆಲಸಕ್ಕೆ ಒಬ್ಬ ಬಡಗಿ ಮೇಸ್ತ್ರಿ. ಆರು ವಾರ ಯಾಕೆ ಅಂದರೆ, ತಪಾಸಣೆಗೆ ಒಂದು ದಿನ ಸಾಕು. ಕಂಡದ್ದನ್ನು ಸರಿ ಮಾಡೋದಕ್ಕೆ ಸಾಕಾಗಲ್ಲ. ಸಾಮಾನು ತರಬೇಕು, ಕೆಲಸದವರು ಸಿಗಬೇಕು, ಸಿಮೆಂಟು ಒಣಗಬೇಕು, ಬಣ್ಣ ಒಣಗಬೇಕು. ಮೋಡ ಕಟ್ಟಿದ ಮೇಲೆ ಏಣಿ ಹತ್ತುವುದು ಅಪಾಯ ಕೂಡ.

ಮನೆಗೆ ಮೂರು ತರದ ಛಾವಣಿ ಇದೆ. ಮುಖ್ಯ ಮನೆಗೆ ಎರಡು ಇಳಿಜಾರಿನ ಹೆಂಚಿನ ಮಾಡು. ಹಿಂದೆ ಕಬ್ಬಿಣದ ಪೈಪಿನ ಮೇಲೆ 6 ಮೀಟರ್ ಉದ್ದ, 4 ಮೀಟರ್ ಅಗಲದ ಜಿಐ ಶೀಟು, ಅಂದರೆ ಸತು ಲೇಪಿಸಿದ ಕಬ್ಬಿಣದ ಶೀಟು. ಬಚ್ಚಲಿನ ಮೇಲೆ ಸಣ್ಣದೊಂದು ಕಾಂಕ್ರೀಟ್ ತಾರಸಿ, ಅದರ ಮೇಲೆ ನೀರಿನ ಟ್ಯಾಂಕ್.

ಏಣಿ ಹತ್ತುವ ಮೊದಲು ಮಾಡಿದ ಲೆಕ್ಕ

ಛಾವಣಿಯನ್ನು ನಾವು ಯೋಚಿಸೋದೇ ಕೆಳಮುಖವಾಗಿ. ಹೆಂಚಿನ ಭಾರ ಅದರ ಕೆಳಗೆ ಅಡ್ಡಕ್ಕೆ ಹೊಡೆದ ತೆಳು ಮರದ ಪಟ್ಟಿ, ಅಂದರೆ ರೀಪಿನ ಮೇಲೆ. ರೀಪಿನ ಭಾರ ನೆತ್ತಿಯಿಂದ ಗೋಡೆಗೆ ಇಳಿಜಾರಾಗಿ ಇಳಿಯುವ ಮರ, ಅಂದರೆ ಪಕಾಸಿನ ಮೇಲೆ. ಪಕಾಸಿನ ಭಾರ ಗೋಡೆ ಮೇಲೆ. ಗಾಳಿ ಇದನ್ನು ತಲೆಕೆಳಗು ಮಾಡುತ್ತದೆ. ಮಾಡಿನ ಮೇಲೆ ಹಾದು ಹೋಗುವಾಗ ಅದು ಛಾವಣಿಯನ್ನು ಮೇಲಕ್ಕೆ ಹೀರುತ್ತದೆ. ಸೂರಿನ ಕೆಳಗೆ, ತೆರೆದ ವರಾಂಡದ ಒಳಗೆ ನುಗ್ಗಿದ ಗಾಳಿ ಕೆಳಗಿನಿಂದಲೂ ಎತ್ತುತ್ತದೆ. ಒಂದು ಕಡೆ ಎಳೆತ, ಇನ್ನೊಂದು ಕಡೆ ದಬ್ಬುವಿಕೆ, ಎರಡೂ ಒಟ್ಟಿಗೆ.

ಎಷ್ಟು ಬಲ? ಇಂಜಿನಿಯರುಗಳು ಬಳಸುವ ಒಂದು ಸುಲಭ ಲೆಕ್ಕ ಇದೆ. ಗಾಳಿಯ ವೇಗವನ್ನು ಸೆಕೆಂಡಿಗೆ ಎಷ್ಟು ಮೀಟರ್ ಅಂತ ತೆಗೆದುಕೊಳ್ಳಿ. ಅದನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 0.6ರಿಂದ ಗುಣಿಸಿ. ಒಂದು ಚದರ ಮೀಟರಿಗೆ ಎಷ್ಟು ನ್ಯೂಟನ್ ಒತ್ತಡ ಅಂತ ಸಿಗುತ್ತದೆ. ಗಂಟೆಗೆ 90 ಕಿಲೋಮೀಟರ್ ಗಾಳಿ ಅಂದರೆ ಸೆಕೆಂಡಿಗೆ 25 ಮೀಟರ್. ಲೆಕ್ಕ ಹಾಕಿದರೆ 375 ನ್ಯೂಟನ್, ಅಂದರೆ ಚದರ ಮೀಟರಿಗೆ ಸುಮಾರು 38 ಕಿಲೋ ಭಾರದಷ್ಟು. ಗಾಳಿ ಎರಡರಷ್ಟು ಜೋರಾಗಿ 180 ಕಿಲೋಮೀಟರ್ ಆದರೆ ಒತ್ತಡ ಎರಡರಷ್ಟಲ್ಲ, ನಾಲ್ಕರಷ್ಟು. 150 ಕಿಲೋ ದಾಟುತ್ತದೆ.

ಈಗ ನಮ್ಮ ಶೀಟನ್ನು ನೋಡಿ. ಅರ್ಧ ಮಿಲಿಮೀಟರ್ ದಪ್ಪದ ಕಬ್ಬಿಣದ ಶೀಟು ಚದರ ಮೀಟರಿಗೆ ನಾಲ್ಕೂವರೆ ಕಿಲೋ ತೂಗಿದರೆ ಹೆಚ್ಚು. 24 ಚದರ ಮೀಟರಿಗೆ ಸುಮಾರು 108 ಕಿಲೋ. ಗಂಟೆಗೆ 90ರ ಗಾಳಿ ಅಷ್ಟೂ ಜಾಗವನ್ನು ಎತ್ತಿದರೆ 900 ಕಿಲೋ. ಮಿಕ್ಕ 800 ಕಿಲೋ ಹಿಡಿಯುವವರು ಯಾರು? ಸ್ಕ್ರೂಗಳು. ಸ್ಕ್ರೂ ಹಿಡಿದರೆ ಪೈಪು ಹಿಡಿಯಬೇಕು, ಪೈಪನ್ನು ಕಂಬ ಹಿಡಿಯಬೇಕು, ಕಂಬವನ್ನು ನೆಲ ಹಿಡಿಯಬೇಕು. ನಡುವೆ ಒಂದು ಕೊಂಡಿ ಕಳಚಿದರೂ ಮಿಕ್ಕದ್ದೆಲ್ಲ ಗಟ್ಟಿ ಇದ್ದು ಪ್ರಯೋಜನ ಇಲ್ಲ.

ಈ ಲೆಕ್ಕ ನೋಡಿದ ಮೇಲೆ ತಪಾಸಣೆಯ ದಾರಿ ತಾನಾಗಿ ಗೊತ್ತಾಯಿತು. ಪ್ರತಿ ಜೋಡಣೆಯಲ್ಲೂ ಒಂದೇ ಪ್ರಶ್ನೆ. ಇದನ್ನು ಯಾರೋ ಮೇಲಕ್ಕೆ ಎಳೆದರೆ ಏನು ಹಿಡಿದುಕೊಳ್ಳುತ್ತದೆ?

ಮೊದಲ ದಿನ, ನೆಲದಿಂದ

ಬೆಳಗ್ಗಿನ ಓರೆ ಬಿಸಿಲಿನಲ್ಲಿ ಮನೆ ಸುತ್ತ ನಡೆದೆವು. ಓರೆ ಬಿಸಿಲಿನಲ್ಲಿ ಉಬ್ಬು ತಗ್ಗು ಚೆನ್ನಾಗಿ ಕಾಣುತ್ತದೆ, ನಡುಮಧ್ಯಾಹ್ನದಲ್ಲಿ ಎಲ್ಲ ಸಪಾಟಾಗಿ ಕಾಣುತ್ತದೆ. ಫೋನಿನ ಕ್ಯಾಮೆರಾ ಹತ್ತಿರಕ್ಕೆ ಎಳೆದು ಪ್ರತಿ ಬದಿಯ ಫೋಟೋ ತೆಗೆದೆ. ಇದು ಮುಂದಿನ ವರ್ಷಕ್ಕೂ ಬೇಕಾಗುತ್ತದೆ, ಹೋಲಿಸಿ ನೋಡೋದಕ್ಕೆ.

ಎರಡು ಇಳಿಜಾರು ಮೇಲೆ ಕೂಡುವ ನೆತ್ತಿಯ ಗೆರೆ ಎಡಗಡೆ ಸ್ವಲ್ಪ ಕುಸಿದಿತ್ತು. ಹೆಂಚಿನ ಸಾಲು ಒಂದು ಕಡೆ ಅಂಕುಡೊಂಕಾಗಿತ್ತು. ಅಂದರೆ ಕೆಳಗಿನ ರೀಪು ಬಾಗಿದೆ ಅಥವಾ ಹೆಂಚು ಜಾರಿದೆ. ಸೂರಿನ ಅಂಚಿನಲ್ಲಿ ಮೂರು ಹೆಂಚು ಒಂದು ಬೆರಳಿನಷ್ಟು ಹೊರಗೆ ಬಂದಿದ್ದವು. ಶೀಟಿನ ಕಡೆ, ಕೊನೆಯ ಪೈಪು ದಾಟಿ ಶೀಟು ಸುಮಾರು ಅರ್ಧ ಮೀಟರ್ ಮುಂದಕ್ಕೆ ಚಾಚಿತ್ತು. ನೆರಳು ಜಾಸ್ತಿ ಬೀಳಲಿ ಅಂತ ಹಾಕುವಾಗ ನಾವೇ ಕೇಳಿ ಹಾಗೆ ಮಾಡಿಸಿದ್ದು. ಗಾಳಿ ಹಿಡಿದುಕೊಳ್ಳೋದಕ್ಕೆ ಅದು ಹಿಡಿಕೆ ಇದ್ದ ಹಾಗೆ. ಹೋದ ವರ್ಷ ಮಡಚಿಕೊಂಡದ್ದೂ ಅದೇ ಅಂಚು.

ಛಾವಣಿಯ ನಡುಭಾಗಕ್ಕಿಂತ ಅಂಚಿನಲ್ಲಿ, ಅಂಚಿಗಿಂತ ಮೂಲೆಯಲ್ಲಿ ಗಾಳಿಯ ಹೀರುವಿಕೆ ಜಾಸ್ತಿ. ನಡುಭಾಗದ ಎರಡು ಪಟ್ಟು ಆಗುವುದು ಸಾಮಾನ್ಯ. ಹಾಗಾಗಿ ಸಮಯ ಕಮ್ಮಿ ಇದ್ದರೆ ಮೂಲೆ, ಸೂರು, ನೆತ್ತಿ ಮೂರನ್ನಾದರೂ ಬಿಡದೆ ನೋಡಿ.

ಅದೇ ದಿನ ಮಧ್ಯಾಹ್ನ, ಅಟ್ಟದ ಒಳಗೆ

ಮಾಡಿನ ಆರೋಗ್ಯ ಹೊರಗಿನಿಂದ ಕಾಣುವುದಕ್ಕಿಂತ ಒಳಗಿನಿಂದ ಜಾಸ್ತಿ ಕಾಣುತ್ತದೆ. ಅಟ್ಟ ಹತ್ತಿ, ದೀಪ ಆರಿಸಿ, ಹತ್ತು ನಿಮಿಷ ಸುಮ್ನೆ ಕೂತೆವು. ಕಣ್ಣು ಕತ್ತಲೆಗೆ ಒಗ್ಗಿದ ಮೇಲೆ ಬೆಳಕಿನ ಚುಕ್ಕಿಗಳು ಒಂದೊಂದಾಗಿ ಕಾಣಿಸಿಕೊಂಡವು. ತಮ್ಮ ಪ್ರತಿ ಚುಕ್ಕಿಯ ಹತ್ತಿರದ ರೀಪಿನ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ. ಒಟ್ಟು ಒಂಬತ್ತು.

ಆಮೇಲೆ ಟಾರ್ಚ್ ಹಿಡಿದು ಮರ ನೋಡಿದೆವು. ನೀರಿನ ಕಲೆ ಇದ್ದ ಜಾಗದ ನೇರ ಮೇಲೆ ತೂತು ಇರಬೇಕು ಅಂತ ಇಲ್ಲ. ಹೆಂಚಿನ ಕೆಳಗೆ ಇಳಿದ ನೀರು ಪಕಾಸಿನ ಬೆನ್ನು ಹಿಡಿದು ಎಷ್ಟೋ ದೂರ ಹರಿದು, ಎಲ್ಲೋ ಒಂದು ಗಂಟಿನ ಹತ್ತಿರ ತೊಟ್ಟಿಕ್ಕುತ್ತದೆ. ಕಲೆಯಿಂದ ಇಳಿಜಾರಿನ ಮೇಲ್ಮುಖವಾಗಿ ಹುಡುಕಿಕೊಂಡು ಹೋಗಬೇಕು. ನಮ್ಮ ಮಲಗುವ ಕೋಣೆಯಲ್ಲಿ ಕಾಣುತ್ತಿದ್ದ ಕಲೆಯ ಮೂಲ ಒಂದೂವರೆ ಮೀಟರ್ ಮೇಲೆ ಸಿಕ್ಕಿತು. ಕೂದಲೆಳೆಯಷ್ಟು ಸೀಳಿದ್ದ ಒಂದು ಹೆಂಚು.

ಮರ ಪರೀಕ್ಷೆಗೆ ಒಂದು ಚಪ್ಪಟೆ ಸ್ಕ್ರೂಡ್ರೈವರ್ ಸಾಕು. ಮೊದಲು ಹಿಡಿಯಿಂದ ತಟ್ಟಿ ಕೇಳಿ. ಗಟ್ಟಿ ಮರ ಟಣ್ ಅನ್ನುತ್ತದೆ, ಒಳಗೆ ಟೊಳ್ಳಾದ ಮರ ಡಬ್ ಅನ್ನುತ್ತದೆ. ಅನುಮಾನ ಬಂದಲ್ಲಿ ಮೊನೆ ಒತ್ತಿ. ನಮ್ಮ ಪಕಾಸುಗಳಲ್ಲಿ ನಡುಭಾಗ ಎಲ್ಲ ಚೆನ್ನಾಗಿತ್ತು, ಮೊನೆ ಒಂದು ಗೀರು ಮಾತ್ರ ಹಾಕಿತು. ಸೂರಿನ ಹತ್ತಿರ, ಗೋಡೆ ಮೇಲೆ ಕೂರುವ ತುದಿಗೆ ಬಂದಾಗ ಎರಡು ಪಕಾಸುಗಳಲ್ಲಿ ಮೊನೆ ಒಂದು ಇಂಚು ಹಾಗೇ ಒಳಗೆ ಇಳಿಯಿತು. ಕೈಗೆ ಒದ್ದೆ ಪುಡಿ ಬಂತು. ಮೇಲೆ ಬಣ್ಣ ಹಾಗೇ ಇತ್ತು. ಬರೀ ಕಣ್ಣಲ್ಲಿ ನೋಡಿದ್ದರೆ ಚೆನ್ನಾಗಿದೆ ಅಂತಲೇ ಬರೆದುಕೊಳ್ಳುತ್ತಿದ್ದೆವು. ಗೆದ್ದಲಿನ ಮಣ್ಣಿನ ಗೆರೆ ಒಂದು ಕಡೆ ಇತ್ತು, ಕೆರೆದು ನೋಡಿದರೆ ಒಣಗಿ ಖಾಲಿಯಾಗಿತ್ತು. ಆದರೂ ಗುರುತು ಹಾಕಿಟ್ಟೆ.

ಮೇಸ್ತ್ರಿ ತೋರಿಸಿದ ಜಾಗ

ನಾನು ಕೊಳೆತ ತುದಿಗಳ ಚಿಂತೆಯಲ್ಲಿದ್ದೆ. ಮರುದಿನ ಬಂದ ಮೇಸ್ತ್ರಿ ಅದನ್ನು ನೋಡಿ ತಲೆಯಾಡಿಸಿ, ಪಕ್ಕದ ಗಟ್ಟಿ ಪಕಾಸಿನ ಕಡೆ ಟಾರ್ಚ್ ಬಿಟ್ಟರು.

"ಸಾರ್, ಇದಕ್ಕೆ ಗೋಡೆ ಹತ್ರ ಮೊಳೆ ಎಲ್ಲಿದೆ ತೋರಿಸಿ."

ಒಂದು ಮೊಳೆ ಓರೆಯಾಗಿ ಹೊಡೆದಿತ್ತು. ಅವರು ಪಕಾಸನ್ನು ಎರಡೂ ಕೈಯಲ್ಲಿ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿದರು. ಕೆಳಗಿನ ಮರದ ಮೇಲೆ ಧೂಳಿನಲ್ಲಿ ಸಣ್ಣ ಗೆರೆ ಮೂಡಿತು.

"ನೋಡಿ, ಇದು ಕೂತಿದೆ ಅಷ್ಟೇ. ಹಿಡ್ಕೊಂಡಿಲ್ಲ."

ಇಡೀ ಕೆಲಸದಲ್ಲಿ ನನಗೆ ಸಿಕ್ಕ ಅತಿ ಮುಖ್ಯ ಮಾತು ಇದು. ಗೋಡೆಯ ತಲೆ ಮೇಲೆ ಉದ್ದಕ್ಕೆ ಮಲಗಿಸಿದ ಮರ ಇರುತ್ತದಲ್ಲ, ವಾಲ್ ಪ್ಲೇಟ್ ಅನ್ನುತ್ತಾರೆ, ಪಕಾಸಿನ ತುದಿ ಅದರ ಮೇಲೆ ಬಂದು ಕೂರುತ್ತದೆ. ಹೆಂಚಿನ ಭಾರಕ್ಕೆ ಅಷ್ಟು ಸಾಕು, ಯಾಕೆಂದರೆ ಭಾರ ಅದನ್ನು ಕೆಳಕ್ಕೇ ಒತ್ತುತ್ತಿರುತ್ತದೆ. ಮೇಲಕ್ಕೆ ಎಳೆದರೆ ಆ ಒಂದು ಓರೆ ಮೊಳೆ ಮಾತ್ರ ಉತ್ತರ. ಮೊಳೆಗೆ ಅಡ್ಡಬಲ ತಡೆಯುವ ಶಕ್ತಿ ಇದೆ, ಬಂದ ದಾರಿಯಲ್ಲೇ ವಾಪಸ್ ಎಳೆದರೆ ತಡೆಯುವ ಶಕ್ತಿ ತುಂಬ ಕಮ್ಮಿ. ಹಳೆ ಮರದಲ್ಲಿ ತುಕ್ಕು ಹಿಡಿದ ಮೊಳೆಗೆ ಇನ್ನೂ ಕಮ್ಮಿ.

28 ತುದಿಗಳನ್ನೂ ಒಂದೊಂದಾಗಿ ಅಲ್ಲಾಡಿಸಿ ನೋಡಿದೆವು. 17 ಅಲ್ಲಾಡಲಿಲ್ಲ. ಎಂಟು ಸ್ವಲ್ಪ ಸರಿದವು. ಮೂರಕ್ಕೆ ಮೊಳೆಯೇ ಇರಲಿಲ್ಲ. ಆ ಮೂರರಲ್ಲಿ ಎರಡು ಮನೆಯ ಮೂಲೆಯಲ್ಲಿ, ಅಂದರೆ ಗಾಳಿಯ ಎಳೆತ ಅತಿ ಜಾಸ್ತಿ ಇರುವ ಜಾಗದಲ್ಲಿ. ಇಷ್ಟು ವರ್ಷ ಅದರ ಕೆಳಗೇ ಮಲಗಿದ್ದೆವು.

ಅದಾದ ಮೇಲೆ ಮೇಸ್ತ್ರಿ ಇನ್ನೊಂದು ಪ್ರಶ್ನೆ ಕೇಳಿದರು. ಪಕಾಸನ್ನು ವಾಲ್ ಪ್ಲೇಟಿಗೆ ಕಟ್ಟಿದಿರಿ ಅಂತಿಟ್ಟುಕೊಳ್ಳಿ, ವಾಲ್ ಪ್ಲೇಟ್ ಗೋಡೆಗೆ ಕಟ್ಟಿದೆಯಾ? ಕಟ್ಟಿರಲಿಲ್ಲ. ಗಾರೆಯ ಮೇಲೆ ಇಟ್ಟಿದ್ದರು, ಅಷ್ಟೇ. ಹಾಗಾದರೆ ಪಕಾಸು ಎದ್ದರೆ ವಾಲ್ ಪ್ಲೇಟನ್ನೂ ಎತ್ತಿಕೊಂಡೇ ಹೋಗುತ್ತದೆ.

ಕಟ್ಟಿದ್ದು ಹೀಗೆ

ಕೊಳೆತ ಎರಡು ತುದಿಗಳಿಗೆ ಪಕ್ಕದಲ್ಲಿ ಹೊಸ ಮರದ ತುಂಡು ಜೋಡಿಸಿದೆವು. ಕೊಳೆತ ಭಾಗವನ್ನು ಗಟ್ಟಿ ಮರ ಸಿಗುವ ತನಕ ಕತ್ತರಿಸಿ ತೆಗೆದು, ಅಷ್ಟೇ ಎತ್ತರದ ಹೊಸ ತುಂಡನ್ನು ಹಳೆ ಪಕಾಸಿನ ಪಕ್ಕಕ್ಕೆ ಒಂದು ಮೀಟರಿಗೂ ಜಾಸ್ತಿ ಉದ್ದ ತಾಗುವ ಹಾಗೆ ಇಟ್ಟು, ಆರಪಾರ ನಾಲ್ಕು ಬೋಲ್ಟ್ ಹಾಕಿ ಬಿಗಿದರು. ಕತ್ತರಿಸುವ ಮೊದಲು ಪಕಾಸಿಗೆ ಕೆಳಗಿನಿಂದ ಆಧಾರ ಕೊಡುವುದನ್ನು ಮರೆಯಬಾರದು. ಆ ಜಾಗದ ಹೆಂಚುಗಳನ್ನೂ ಮೊದಲೇ ಇಳಿಸಿದ್ದೆವು.

ವಾಲ್ ಪ್ಲೇಟಿಗೆ ಬಂದರೆ, ನಮ್ಮ ಗೋಡೆಯ ತಲೆಗೆ ಸುತ್ತಲೂ ಕಾಂಕ್ರೀಟ್ ಬೆಲ್ಟ್ ಇತ್ತು. ಅದು ದೊಡ್ಡ ಅನುಕೂಲ. ಮರದ ಮೂಲಕ ಕಾಂಕ್ರೀಟಿನೊಳಗೆ 100 ಮಿಲಿಮೀಟರ್ ಆಳಕ್ಕೆ ತೂತು ಕೊರೆದು 12 ಮಿಲಿಮೀಟರ್ ಆಂಕರ್ ಬೋಲ್ಟ್ ಹಾಕಿದೆವು. ಮೂಲೆಗಳ ಹತ್ತಿರ ಅರ್ಧ ಮೀಟರಿಗೆ ಒಂದು, ನಡುವೆ ಒಂದು ಮೀಟರಿಗೆ ಒಂದು. ತೂತಿನ ಧೂಳನ್ನು ಪಂಪಿನಿಂದ ಊದಿ ಪೂರ್ತಿ ತೆಗೆದ ಮೇಲೆಯೇ ಬೋಲ್ಟ್ ಇಳಿಸಬೇಕು, ಧೂಳು ಉಳಿದರೆ ಹಿಡಿತ ಬರಲ್ಲ. ಬೋಲ್ಟಿನ ತಲೆ ಕೆಳಗೆ ಅಗಲವಾದ ಚೌಕ ವಾಷರ್ ಹಾಕಿದೆವು, ಇಲ್ಲದಿದ್ದರೆ ಎಳೆತಕ್ಕೆ ಬೋಲ್ಟಿನ ತಲೆ ಮರದೊಳಗೆ ಇಳಿದುಬಿಡುತ್ತದೆ.

ನಿಮ್ಮ ಗೋಡೆಗೆ ಬೆಲ್ಟ್ ಇಲ್ಲದೆ ಬರೀ ಇಟ್ಟಿಗೆ ಅಥವಾ ಮಣ್ಣಿನ ಗೋಡೆ ಇದ್ದರೆ ಈ ದಾರಿ ಬೇಡ. ಮೇಲಿನ ಒಂದೆರಡು ಸಾಲು ಇಟ್ಟಿಗೆ ಸಮೇತ ಕಿತ್ತುಕೊಂಡು ಬರುತ್ತದೆ. ಅಂಥಲ್ಲಿ ಕಬ್ಬಿಣದ ಪಟ್ಟಿಯನ್ನು ಗೋಡೆಯ ಮೈಗೆ ಸಾಕಷ್ಟು ಕೆಳಗಿನ ತನಕ ಇಳಿಸಿ ಹಿಡಿಸಬೇಕಾಗುತ್ತದೆ, ಎತ್ತುವಾಗ ಗೋಡೆಯ ಭಾರವೂ ಕೂಡಿಕೊಳ್ಳಲಿ ಅಂತ. ಎಷ್ಟು ಕೆಳಗೆ ಅನ್ನುವುದನ್ನು ಗೋಡೆ ನೋಡಿದ ಇಂಜಿನಿಯರ್ ಹೇಳಬೇಕು, ಇಲ್ಲಿ ಅಂದಾಜು ಮಾಡಬೇಡಿ.

ಕೊನೆಗೆ ಪಕಾಸು. ಪ್ರತಿ ತುದಿಗೂ ಜಿಐ ಪಟ್ಟಿಯನ್ನು ಪಕಾಸಿನ ಬೆನ್ನ ಮೇಲಿಂದ ಹಾಯಿಸಿ, ಎರಡೂ ಬದಿಯಲ್ಲಿ ಕೆಳಗಿಳಿಸಿ, ವಾಲ್ ಪ್ಲೇಟಿನ ಮೈಗೆ ಸ್ಕ್ರೂ ಹಾಕಿದೆವು. ಬೆನ್ನ ಮೇಲಿಂದ ಹಾಯಿಸುವುದು ಮುಖ್ಯ. ಪಕ್ಕಕ್ಕೆ ಮಾತ್ರ ಹೊಡೆದ ಪಟ್ಟಿಯಲ್ಲಿ ಎಲ್ಲ ಭಾರ ಸ್ಕ್ರೂಗಳ ಮೇಲೆ. ಬೆನ್ನು ಸುತ್ತಿ ಬಂದ ಪಟ್ಟಿಯಲ್ಲಿ ಪಟ್ಟಿಯೇ ಪಕಾಸನ್ನು ಅಮುಕಿ ಹಿಡಿಯುತ್ತದೆ. ಪಟ್ಟಿ ಸಡಿಲವಾಗಿ ಉಬ್ಬಿಕೊಂಡಿರಬಾರದು. ಮೊದಲ ನಾಲ್ಕು ಪಟ್ಟಿಗಳನ್ನು ನಾವು ಸಡಿಲ ಬಿಟ್ಟಿದ್ದೆವು, ಬೆರಳು ತೂರುತ್ತಿತ್ತು. ಬಿಚ್ಚಿ ಮತ್ತೆ ಬಿಗಿದೆವು. ಅಷ್ಟು ಸಡಿಲ ಇದ್ದರೆ ಗಾಳಿಯ ಪ್ರತಿ ಹೊಡೆತಕ್ಕೂ ಪಕಾಸು ಎದ್ದು ಬಿದ್ದು ಸ್ಕ್ರೂಗಳನ್ನು ಕೀಳುತ್ತದೆ. ಈ 28 ಪಟ್ಟಿಗೆ ಎರಡು ಪೂರ್ತಿ ದಿನ ಹಿಡಿಯಿತು. ಸೂರಿನ ಎರಡು ಸಾಲು ಹೆಂಚು ಇಳಿಸಿ ಮತ್ತೆ ಏರಿಸುವ ಕೆಲಸವೇ ಅರ್ಧ.

ಶೀಟು

ಶೀಟಿನ ಮೇಲೆ ಕಾಲಿಡಲಿಲ್ಲ. ಅಂಚಿನಿಂದ ಏಣಿ ಹಾಕಿಕೊಂಡು, ನಡುವಿನ ಜಾಗಕ್ಕೆ ಪೈಪಿನಿಂದ ಪೈಪಿಗೆ ದಪ್ಪ ಹಲಗೆ ಹಾಸಿಕೊಂಡು ಮಾಡಿದೆವು. ಸಿಮೆಂಟು ಶೀಟು ಆಗಿದ್ದರೆ ಇನ್ನೂ ಹುಷಾರು ಬೇಕು. ಅದು ಮೇಲೆ ಗಟ್ಟಿ ಕಾಣುತ್ತದೆ, ಕಾಲಿಟ್ಟರೆ ಸೂಚನೆ ಕೊಡದೆ ಮುರಿಯುತ್ತದೆ. ಹಳೆಯ ಕಲ್ನಾರಿನ (ಆಸ್ಬೆಸ್ಟಾಸ್) ಶೀಟನ್ನು ಕೊರೆಯುವುದು, ಕತ್ತರಿಸುವುದು ಬೇಡವೇ ಬೇಡ, ಆ ಧೂಳು ಶ್ವಾಸಕೋಶಕ್ಕೆ ಅಪಾಯ. ಏಣಿಯ ಲೆಕ್ಕ ಎಲ್ಲರಿಗೂ ಗೊತ್ತಿರಬೇಕು. ನಾಲ್ಕು ಅಡಿ ಎತ್ತರಕ್ಕೆ ಬುಡ ಒಂದು ಅಡಿ ಹೊರಗೆ, ಮೇಲಿನ ತುದಿ ಅಂಚು ದಾಟಿ ಒಂದು ಮೀಟರ್. ಕೆಳಗೆ ಒಬ್ಬರು ಹಿಡಿದೇ ಇರಬೇಕು. ಕರೆಂಟಿನ ತಂತಿ ಇರುವ ಕಡೆ ಕಬ್ಬಿಣದ ಏಣಿ ತರಲೇಬಾರದು.

ಸ್ಕ್ರೂ ಎಣಿಸಿದೆ. 96 ಇದ್ದವು. 11 ತೂತುಗಳಲ್ಲಿ ಸ್ಕ್ರೂ ಇರಲೇ ಇಲ್ಲ. ಇದ್ದವುಗಳಲ್ಲಿ ಏಳು ಕೈಯಲ್ಲೇ ತಿರುಗಿದವು. ಯಾಕೆ ಅಂತ ಕೆಳಗಿನಿಂದ ನೋಡಿದರೆ ಶೀಟು ತೂರಿ ಬಂದ ಮೊನೆ ಪೈಪಿನ ಪಕ್ಕದಲ್ಲಿ ಗಾಳಿಯಲ್ಲಿ ನಿಂತಿತ್ತು. ಪೈಪಿಗೆ ತಾಗೇ ಇಲ್ಲ. ಮೇಲಿನಿಂದ ನೋಡುವವರಿಗೆ ಸಾಲಾಗಿ ಚೆಂದವಾಗಿ ಕಾಣುವ ಸ್ಕ್ರೂ, ಹಿಡಿದದ್ದು ಏನೂ ಇಲ್ಲ. 1992ರಲ್ಲಿ ಆಂಡ್ರ್ಯೂ ಚಂಡಮಾರುತ ಅಮೆರಿಕದ ಫ್ಲಾರಿಡಾದ ದಕ್ಷಿಣ ಭಾಗಕ್ಕೆ ಬಡಿದಾಗಲೂ ಇದೇ ತಪ್ಪು ದೊಡ್ಡ ಪ್ರಮಾಣದಲ್ಲಿ ಕಂಡಿತ್ತು. ಹಾರಿ ಹೋದ ಛಾವಣಿಯ ಹಲಗೆಗಳಲ್ಲಿ ಎಷ್ಟೋ ಮೊಳೆಗಳು ಕೆಳಗಿನ ಮರಕ್ಕೆ ತಾಗಿಯೇ ಇರಲಿಲ್ಲ. ಸ್ಕ್ರೂ ತಪಾಸಣೆಯನ್ನು ಕೆಳಗಿನಿಂದಲೂ ಮಾಡಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ಇನ್ನು ವಾಷರ್. ಸ್ಕ್ರೂವಿನ ತಲೆ ಕೆಳಗಿನ ಕಪ್ಪು ರಬ್ಬರನ್ನು ಉಗುರಿನಿಂದ ಒತ್ತಿ. ಒತ್ತಿದಲ್ಲಿ ತಗ್ಗಿ ಮತ್ತೆ ಎದ್ದು ಬಂದರೆ ಜೀವ ಇದೆ. ನಮ್ಮ ತೆಂಕಣ ಬದಿಯ ಸಾಲಿನಲ್ಲಿ ಉಗುರು ಇಳಿಯಲೇ ಇಲ್ಲ, ಬಿಸಿಲಿಗೆ ಕಲ್ಲಾಗಿತ್ತು. ಒಣಗಿದ ಕೆರೆಯ ತಳದ ಹಾಗೆ ಬಿರುಕು ಬಿಟ್ಟಿತ್ತು. ಒಂದನ್ನು ಬಿಚ್ಚಿ ಅಂಗೈಯಲ್ಲಿ ಇಟ್ಟುಕೊಂಡರೆ ಮೂರು ಚೂರಾಯಿತು. ಅದರ ಕೆಳಗೆ ಶೀಟಿನ ತೂತಿನ ಸುತ್ತ ಕಂದು ಬಣ್ಣದ ತುಕ್ಕಿನ ಉಂಗುರ, ಆ ಉಂಗುರದಿಂದ ಹೊರಟ ಕೂದಲಿನಂಥ ಎರಡು ಸೀಳು.

ಆ ಸೀಳು ನೋಡಿ ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಆಸ್ಟ್ರೇಲಿಯಾದ ಡಾರ್ವಿನ್ ಊರಿಗೆ 1974ರ ಡಿಸೆಂಬರ್ 24ರ ರಾತ್ರಿ ಟ್ರೇಸಿ ಚಂಡಮಾರುತ ಬಂತು. ಗಾಳಿ ಅಳೆಯುವ ಯಂತ್ರ ಕೆಟ್ಟು ನಿಲ್ಲುವ ಮೊದಲು ಗಂಟೆಗೆ 217 ಕಿಲೋಮೀಟರ್ ತೋರಿಸಿತ್ತು. ಊರಿನ ಹೆಚ್ಚಿನ ಮನೆಗಳ ಶೀಟು ಹಾರಿಹೋಯಿತು. ಆಮೇಲೆ ಇಂಜಿನಿಯರುಗಳು ಹುಡುಕಿದಾಗ ಗೊತ್ತಾದದ್ದು, ಶೀಟುಗಳು ಒಂದೇ ಏಟಿಗೆ ಹರಿದಿರಲಿಲ್ಲ. ಗಂಟೆಗಟ್ಟಲೆ ಎದ್ದು ಬಿದ್ದು, ಎದ್ದು ಬಿದ್ದು, ಸ್ಕ್ರೂ ಮತ್ತು ಮೊಳೆಯ ಸುತ್ತ ಲೋಹ ದಣಿದು ಬಿರುಕು ಬಿಟ್ಟಿತ್ತು. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುತ್ತೇವಲ್ಲ, ಹಾಗೆ. ಬಿರುಕು ದೊಡ್ಡದಾದ ಮೇಲೆ ಸ್ಕ್ರೂ ಪೈಪಿನಲ್ಲೇ ಉಳಿದು, ಶೀಟು ಮಾತ್ರ ಅದರ ತಲೆಯನ್ನು ದಾಟಿ ಎದ್ದು ಹೋಯಿತು. ಅಲ್ಲಿಂದ ಮುಂದೆ ಅಲ್ಲಿ ಶೀಟುಗಳನ್ನು ಸಾವಿರಾರು ಸಲ ಎಳೆದು ಬಿಟ್ಟು ಪರೀಕ್ಷೆ ಮಾಡುವ ಕ್ರಮ ಬಂತು. ನಮ್ಮ ಶೀಟು ರಾತ್ರಿಯಿಡೀ ಪಟಪಟ ಅಂದದ್ದು ಬರೀ ಸದ್ದಲ್ಲ ಅಂತ ಈಗ ಗೊತ್ತು. ಪ್ರತಿ ಪಟ್ ಅನ್ನುವ ಸದ್ದಿಗೂ ಆ ಸೀಳು ಒಂದಿಷ್ಟು ಬೆಳೆದಿದೆ.

ಸೀಳು ಬಿಟ್ಟ ಎರಡು ಶೀಟು ತೆಗೆದು ಹೊಸದು ಹಾಕಿದೆವು. ಸೀಳಿನ ಮೇಲೆ ಅಂಟು ಬಳಿಯುವುದರಿಂದ ಸೋರುವುದು ನಿಲ್ಲಬಹುದು, ಹಿಡಿತ ಬರಲ್ಲ. ತೂತು ಸ್ವಲ್ಪ ಅಗಲವಾಗಿ ಸ್ಕ್ರೂ ಮಾತ್ರ ಸಡಿಲ ಇದ್ದ ಕಡೆ 5.5 ಮಿಲಿಮೀಟರ್ ಸ್ಕ್ರೂ ತೆಗೆದು 6.3ರದ್ದು, ಹೊಸ ವಾಷರ್ ಸಮೇತ. ಬಿಗಿಯುವಾಗ ಕೈ ತಡೆಯಬೇಕು. ವಾಷರಿನ ರಬ್ಬರು ಅಂಚಿನಲ್ಲಿ ಒಂಚೂರು ಉಬ್ಬಿ ಕಂಡರೆ ಸಾಕು. ಅದಕ್ಕಿಂತ ಬಿಗಿದರೆ ರಬ್ಬರು ಹಿಂಡಿ ಹೊರಗೆ ಬರುತ್ತದೆ, ಶೀಟಿನ ಏಣು ತಗ್ಗಿ ಅಲ್ಲೇ ನೀರು ನಿಲ್ಲುತ್ತದೆ. ಅಂಚಿನ ಎರಡು ಪೈಪುಗಳ ಮೇಲೆ ಮೊದಲು ಇದ್ದದ್ದರ ಎರಡರಷ್ಟು ಸ್ಕ್ರೂ ಹಾಕಿದೆವು. ಚಾಚಿಕೊಂಡಿದ್ದ ಅರ್ಧ ಮೀಟರನ್ನು 15 ಸೆಂಟಿಮೀಟರಿಗೆ ಇಳಿಸಿ ಕತ್ತರಿಸಿದೆವು. ನೆರಳು ಹೋಯಿತು. ಹೋಗಲಿ.

ಪೈಪುಗಳ ಬೆಸುಗೆಯಲ್ಲಿ ಒಂದು ಕಡೆ ತುಕ್ಕಿನ ಪದರ ಇತ್ತು. ಸುತ್ತಿಗೆಯಿಂದ ತಟ್ಟಿದರೆ ಚಕ್ಕೆ ಎದ್ದು ಬಂತು, ಕೆಳಗೆ ಬೆಸುಗೆ ಅರ್ಧಕ್ಕರ್ಧ ಇರಲಿಲ್ಲ. ಮತ್ತೆ ಬೆಸುಗೆ ಹಾಕಿಸಿ, ಪ್ರೈಮರ್ ಬಳಿದು ಬಣ್ಣ ಹೊಡೆದೆವು. ಕಂಬದ ಬುಡ ನೆಲದೊಳಗೆ ಇಳಿಯುವ ಜಾಗವನ್ನೂ ಕೆರೆದು ನೋಡಿ. ಮಣ್ಣು, ನೀರು, ಗಾಳಿ ಮೂರೂ ಸೇರುವ ಆ ನಾಲ್ಕು ಬೆರಳಿನ ಜಾಗದಲ್ಲೇ ಕಬ್ಬಿಣ ಮೊದಲು ಸವೆಯುವುದು.

ಹೆಂಚು

ಒಂದು ಹೆಂಚನ್ನು ತಕ್ಕಡಿಗೆ ಹಾಕಿದೆ, 2.7 ಕಿಲೋ. ಚದರ ಮೀಟರಿಗೆ 15 ಹೆಂಚು ಕೂರುತ್ತದೆ ಅಂದರೆ 40 ಕಿಲೋ. ಗಂಟೆಗೆ 90ರ ಗಾಳಿಯ ಒತ್ತಡಕ್ಕೆ ಹೆಚ್ಚೂ ಕಮ್ಮಿ ಸಮ. ಹೆಂಚಿನ ಸಂದಿಗಳಲ್ಲಿ ಗಾಳಿ ಒಳಗೂ ಹೊರಗೂ ಆಡುವುದರಿಂದ ಪೂರ್ತಿ ಒತ್ತಡ ಹೆಂಚಿನ ಮೇಲೆ ಬೀಳಲ್ಲ, ಅದು ಹೆಂಚಿನ ಒಳ್ಳೆಯ ಗುಣ. ಆದರೆ ಅಂಚಿನಲ್ಲಿ ಎಳೆತ ಎರಡು ಪಟ್ಟು ಅಂದೆನಲ್ಲ, ಅಲ್ಲಿ ಭಾರ ಒಂದನ್ನೇ ನಂಬೋದಕ್ಕೆ ಆಗಲ್ಲ. ಒಂದು ಹೆಂಚು ಎದ್ದರೆ ಪಕ್ಕದ್ದು ಸಡಿಲ ಆಗುತ್ತದೆ, ಆಮೇಲೆ ಸಾಲೇ ಹೋಗುತ್ತದೆ. ಹಾರಿದ ಹೆಂಚು ಪಕ್ಕದ ಮನೆಯ ಕಿಟಕಿಗೂ ಬಡಿಯುತ್ತದೆ.

ಹಾಗಾಗಿ ಸೂರಿನ ಎರಡು ಸಾಲು, ಎರಡೂ ತುದಿಯ ಎರಡು ಸಾಲು, ಇಷ್ಟನ್ನು ತಂತಿಯಿಂದ ರೀಪಿಗೆ ಕಟ್ಟಿದೆವು. ನಮ್ಮ ಹೆಂಚಿನ ಕೆಳಮೈಯಲ್ಲಿ ಸಣ್ಣ ತೂತಿರುವ ಒಂದು ಉಬ್ಬು ಇದೆ, ತಂತಿ ಕಟ್ಟೋದಕ್ಕೆಂದೇ ಇಟ್ಟಿರುವುದು. ಇಷ್ಟು ವರ್ಷ ಅದು ಯಾಕಿದೆ ಅಂತ ನಾನು ಕೇಳಿಯೂ ಇರಲಿಲ್ಲ.

ನೆತ್ತಿಯ ಹೆಂಚುಗಳ ಕೆಳಗಿನ ಗಾರೆ ಬಿರುಕು ಬಿಟ್ಟಿತ್ತು. ಕೈಯಲ್ಲಿ ಮೆಲ್ಲಗೆ ಎತ್ತಿದರೆ ಆರು ಹೆಂಚು ಹಾಗೇ ಎದ್ದು ಬಂದವು. ಹಳೆ ಗಾರೆ ಪೂರ್ತಿ ಕೆರೆದು, ಹೆಂಚನ್ನು ನೀರಲ್ಲಿ ನೆನೆಸಿ, ಹೊಸ ಗಾರೆಯಲ್ಲಿ ಕೂರಿಸಿದೆವು. ನೆನೆಸದಿದ್ದರೆ ಒಣ ಹೆಂಚು ಗಾರೆಯ ನೀರನ್ನೆಲ್ಲ ಹೀರಿ, ಗಾರೆ ಹಿಡಿಯದೆ ಪುಡಿಯಾಗುತ್ತದೆ. ನೆತ್ತಿ ಕುಸಿದಿದ್ದ ಎಡಗಡೆ ಎರಡು ರೀಪು ಬಾಗಿದ್ದವು, ಬದಲಾಯಿಸಿದೆವು. ಒಂಬತ್ತು ಬೆಳಕಿನ ಚುಕ್ಕಿಗಳಲ್ಲಿ ಏಳು ಬರೀ ಸರಿದ ಹೆಂಚು, ಎರಡು ಒಡೆದದ್ದು.

ತಾರಸಿ, ದೋಣಿ, ಮಿಕ್ಕದ್ದು

ಕಾಂಕ್ರೀಟ್ ತಾರಸಿಗೆ ಹಾರುವ ಭಯ ಇಲ್ಲ. ಅಲ್ಲಿ ನೋಡಬೇಕಾದದ್ದು ನೀರು ಹೋಗುವ ತೂತು. ಎಲೆ ಕಟ್ಟಿಕೊಂಡು 10 ಸೆಂಟಿಮೀಟರ್ ನೀರು ನಿಂತರೆ ಚದರ ಮೀಟರಿಗೆ 100 ಕಿಲೋ ಭಾರ. ತೂತಿಗೆ ಜಾಲರಿ ಹಾಕಿದೆವು, ಒಂದು ಬಕೆಟ್ ನೀರು ಸುರಿದು ಎಷ್ಟು ಬೇಗ ಹೋಗುತ್ತದೆ ನೋಡಿದೆವು. 500 ಲೀಟರಿನ ಪ್ಲಾಸ್ಟಿಕ್ ಟ್ಯಾಂಕ್ ತುಂಬಿದ್ದರೆ ಅರ್ಧ ಟನ್, ಖಾಲಿ ಇದ್ದರೆ ಒಬ್ಬರೇ ಎತ್ತಬಹುದು. ಗಾಳಿಯ ಮುನ್ಸೂಚನೆ ಬಂದಾಗ ತುಂಬಿಸಿಡಬೇಕು. ಕಬ್ಬಿಣದ ಪಟ್ಟಿಯಲ್ಲಿ ಕಟ್ಟಿಯೂ ಇಟ್ಟೆವು.

ಸೂರಿನ ನೀರಿನ ದೋಣಿಯ ಕೊಕ್ಕೆಗಳಲ್ಲಿ ಮೂರು ಕಳಚಿದ್ದವು, ಹಾಕಿದೆವು. ಛಾವಣಿಗೆ ಚಾಚಿದ್ದ ಮರದ ಕೊಂಬೆ ಕಡಿಸಿದೆವು.

ಬಾಗಿಲು ಕಿಟಕಿ ಕೂಡ ಛಾವಣಿಯ ಕೆಲಸವೇ ಅಂತ ನಾನು ಈಗ ಲೆಕ್ಕ ಹಾಕುತ್ತೇನೆ. ಗಾಳಿ ಬರುವ ಕಡೆಯ ಬಾಗಿಲು ಒಡೆದು ತೆರೆದುಕೊಂಡರೆ ಗಾಳಿ ಒಳಗೆ ತುಂಬಿ ಬಲೂನಿನ ಹಾಗೆ ಛಾವಣಿಯನ್ನು ಒಳಗಿನಿಂದ ಎತ್ತುತ್ತದೆ. ಒತ್ತಡ ಸಮ ಆಗಲಿ ಅಂತ ಕಿಟಕಿ ತೆರೆದಿಡಿ ಅಂತ ಕೆಲವರು ಹೇಳುತ್ತಾರೆ, ಅದು ತಪ್ಪು. ಎಲ್ಲ ಮುಚ್ಚಿ ಅಗುಳಿ ಹಾಕಬೇಕು. ನಮ್ಮ ಹಿಂಬಾಗಿಲಿನ ಅಗುಳಿ ಎರಡು ಸಣ್ಣ ಸ್ಕ್ರೂಗಳ ಮೇಲೆ ನಿಂತಿತ್ತು. ಉದ್ದನೆಯ ಸ್ಕ್ರೂ ಹಾಕಿ, ಕೆಳಗೊಂದು ಅಗುಳಿ ಸೇರಿಸಿದೆವು.

ಪೆನ್ಸಿಲ್ ಗೆರೆ

ಕೆಲಸ ಮುಗಿದ ದಿನ ಮೇಸ್ತ್ರಿ ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಪ್ರತಿ ಪಕಾಸಿನಿಂದ ವಾಲ್ ಪ್ಲೇಟಿಗೆ ದಾಟುವ ಹಾಗೆ ಒಂದೊಂದು ಗೆರೆ ಎಳೆದರು. ಬೋಲ್ಟಿನ ನಟ್ಟಿನ ಮೇಲಿಂದ ವಾಷರಿಗೂ ಒಂದು ಗೆರೆ. ಪಕಾಸು ಸರಿದರೆ, ನಟ್ಟು ತಿರುಗಿದರೆ ಗೆರೆ ಎರಡಾಗುತ್ತದೆ.

"ಗಾಳಿ ನಿಂತ ಮೇಲೆ ಹತ್ತಿ ಇದನ್ನ ನೋಡಿ ಸಾರ್, ಸಾಕು."

ಮೊದಲ ಗಾಳಿ ನಿನ್ನೆ ರಾತ್ರಿ ಬಂತು. ದೊಡ್ಡದಲ್ಲ, ಆದರೂ ಎರಡು ಗಂಟೆ ಬಿಡದೆ ಬೀಸಿತು. ಹಿಂದಿನ ಶೀಟಿನಿಂದ ಮಳೆಯ ಸದ್ದು ಮಾತ್ರ ಬಂತು. ಬೆಳಿಗ್ಗೆ ಟಾರ್ಚ್ ಹಿಡಿದು ಅಟ್ಟ ಹತ್ತಿದೆ. ಪಕಾಸಿನ 28 ಗೆರೆಗಳೂ ಒಂದೇ ಗೆರೆಯಾಗಿ ಇದ್ದವು. ಮೂಲೆಯ ಒಂದು ಬೋಲ್ಟಿನಲ್ಲಿ ಮಾತ್ರ ನಟ್ಟಿನ ಗೆರೆ ವಾಷರಿನ ಗೆರೆಯಿಂದ ಒಂದು ಕೂದಲೆಳೆಯಷ್ಟು ಸರಿದಿತ್ತು. ಸ್ಪ್ಯಾನರ್ ತಂದು ಅರ್ಧ ಸುತ್ತು ಬಿಗಿದು, ಹಳೆ ಗೆರೆ ಒರೆಸಿ ಹೊಸದು ಎಳೆದೆ.